ಕೀಲೆಣ್ಣೆಗೆ ಹಕ್ಕುದಾರ ಯಾರು?

ಆಂಧ್ರದ ಗಡಿನಾಡಿನ ಕಲ್ಯಾಣದುರ್ಗದಿಂದ ಬೆಳುಗುಪ್ಪದ ಕಡೆ ಹೊರಟರೆ ಕೆಳಗೆ ಕಡಲೆಕಾಯಿ ಹೊಲ, ಮೇಲೆ ಗಾಳಿಯಂತ್ರ. ರೆಕ್ಕೆ ನಿಮಿಷಕ್ಕೆ ಹತ್ತೋ ಹದಿನೈದೋ ಸುತ್ತು ಹಾಕುತ್ತದೆ. ವಿದ್ಯುತ್ ಹುಟ್ಟಬೇಕಾದರೆ ಅದರ ಹಿಂದಿರುವ ಜನರೇಟರ್ 1,500ರ ಆಸುಪಾಸು ಸುತ್ತಬೇಕು. ಈ ನೂರು ಪಟ್ಟಿನ ವ್ಯತ್ಯಾಸವನ್ನು ಹೊರುವುದು ನಡುವಿನ ಗೇರ್ ಬಾಕ್ಸ್. ಗೇರ್ ಬಾಕ್ಸ್ ಇಲ್ಲದ ಯಂತ್ರಗಳೂ ಉಂಟು. ಇದ್ದಲ್ಲಿ ಅದರೊಳಗೆ ನೂರಾರು ಲೀಟರ್ ಸಿಂಥೆಟಿಕ್ ಎಣ್ಣೆ ಇರುತ್ತದೆ. ಒಂದು ಹಲ್ಲು ಇನ್ನೊಂದನ್ನು ಒತ್ತುವ ಜಾಗದಲ್ಲಿ ಆ ಎಣ್ಣೆಯ ಪೊರೆ ತಲೆಗೂದಲಿಗಿಂತ ಹತ್ತಾರು ಪಟ್ಟು ತೆಳು. ಅದು ಹರಿದರೆ ಉಕ್ಕಿಗೆ ಉಕ್ಕು ತಗಲುತ್ತದೆ, ಆಮೇಲೆ ದೊಡ್ಡ ಕ್ರೇನ್ ತರಿಸದೆ ಗತಿಯಿಲ್ಲ.

ಎರಡು ತಲೆಮಾರಿನ ಹಿಂದೆ ಇದೇ ದಾರಿಯಲ್ಲಿ ಓಡಾಡುತ್ತಿದ್ದದ್ದು ಎತ್ತಿನ ಗಾಡಿ. ಅದರ ಅಚ್ಚಿಗೂ ಎಣ್ಣೆ ಬೇಕಿತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ನುಣ್ಣಗೆ ಅರೆದು ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಕೆಳಗೆ ನೇತುಹಾಕುತ್ತಿದ್ದರು. ದೂರದ ಸಂತೆಗೆ ಹೊರಡುವ ಮುಂಚೆ ಕಡಾಣಿ ಕಿತ್ತು, ಗಾಲಿಯನ್ನು ಸ್ವಲ್ಪ ಹೊರಕ್ಕೆ ಜರುಗಿಸಿ, ಕಡ್ಡಿಯಿಂದ ಅಚ್ಚಿಗೆ ಬಳಿದು, ಗಾಲಿಯನ್ನು ಒಳಕ್ಕೆ ನೂಕಿ ಮತ್ತೆ ಕಡಾಣಿ ಹಾಕಬೇಕು. ಪಂಚೆಗೆ ತಗಲಿದರೆ ಆ ಕಲೆ ಯಾವ ಸೀಗೆಕಾಯಿಗೂ ಜಗ್ಗುತ್ತಿರಲಿಲ್ಲ. ಕನ್ನಡದ ಮನೆಗಳಲ್ಲಿ ಇದು ಕೀಲೆಣ್ಣೆ, ತೆಲುಗಿನ ಮನೆಗಳಲ್ಲಿ ಕಂದೆನ. ಇದನ್ನು ಮೊದಲು ಕಂಡುಹಿಡಿದವರು ಯಾರು ಎಂದು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ.

ಈಗ ಎಣ್ಣೆಯ ವ್ಯವಹಾರದಲ್ಲಿ ಎಲ್ಲಕ್ಕಿಂತ ಮುಂಚೆ ಕೇಳುವ ಪ್ರಶ್ನೆಯೇ ಅದು. ಗಾಳಿಯಂತ್ರದ ಗೇರ್ ಎಣ್ಣೆಯಿರಲಿ, ಹಿಂದೂಪುರಕ್ಕೆ ಹತ್ತಿರದ ಪೆನುಕೊಂಡದ ಕಿಯಾ ಕಾರ್ಖಾನೆಯಿಂದ ಹೊರಬರುವ ಕಾರಿನ ಇಂಜಿನ್ ಆಯಿಲ್ ಇರಲಿ, ಇಂಥ ಎಣ್ಣೆಗಳ ಒಂದೊಂದು ಮಿಶ್ರಣದ ಹಿಂದೆಯೂ ಪೇಟೆಂಟುಗಳ ದೊಡ್ಡ ಸಾಲೇ ಇದೆ. ಆ ಸಾಲಿನಲ್ಲಿ ಹೊಸದೊಂದು ಸೇರಬೇಕಾದರೆ ಅಡ್ಡ ನಿಲ್ಲುವ ದೊಡ್ಡ ತಡೆ ಒಂದೇ: ಹಿಂದಿನವರು ಮಾಡಿಟ್ಟದ್ದನ್ನು ನೋಡಿದರೆ, ಕಸುಬು ಬಲ್ಲ ಯಾರಿಗಾದರೂ ಇದು ತಾನಾಗಿ ಹೊಳೆಯುತ್ತಿತ್ತೇ? ಹೊಳೆಯುತ್ತಿತ್ತು ಎಂದಾದರೆ ಪೇಟೆಂಟ್ ಇಲ್ಲ.

ಒಂದು ಕಲ್ಪನೆಯ ಅರ್ಜಿ ಮಾಡೋಣ. ಹಿಂದೂಪುರದ ತೂಮಕುಂಟ ಕೈಗಾರಿಕಾ ಪ್ರದೇಶದಲ್ಲಿ ಒಬ್ಬ ಸಣ್ಣ ಉದ್ಯಮಿ ಇದ್ದಾರೆ ಎಂದುಕೊಳ್ಳಿ. ಹರಳೆಣ್ಣೆ 60 ಪಾಲು, ಪೆಟ್ರೋಲಿಯಂನಿಂದ ಬರುವ ಖನಿಜ ತೈಲ 35 ಪಾಲು, ನುಣ್ಣನೆ ಗ್ರಾಫೈಟ್ ಪುಡಿ 5 ಪಾಲು ಸೇರಿಸಿ ಟ್ರಾಕ್ಟರ್ ಟ್ರೈಲರಿಗೆ, ಕಡಲೆಕಾಯಿ ಬಿಡಿಸುವ ಯಂತ್ರದ ಚೈನಿಗೆ ಒಂದು ಎಣ್ಣೆ ಮಾಡಿದ್ದಾರೆ. (ಇದನ್ನು ಮುದಿರೆಡ್ಡಿಪಲ್ಲಿಯ ರೇಷ್ಮೆ ಮಗ್ಗದ ಹತ್ತಿರ ಮಾತ್ರ ತರಬಾರದು. ಒಂದು ತೊಟ್ಟು ಬಿದ್ದರೆ ಸೀರೆ ಹೋಯಿತು.) ಆಂಧ್ರ, ಕರ್ನಾಟಕ ಎರಡಕ್ಕೂ ಪೇಟೆಂಟ್ ಕಚೇರಿ ಚೆನ್ನೈ. ಆನ್‌ಲೈನ್‌ನಲ್ಲಿ ಒಬ್ಬ ವ್ಯಕ್ತಿ ಅರ್ಜಿ ಹಾಕಲು ಶುಲ್ಕ 1,600 ರೂಪಾಯಿ, ಪರಿಶೀಲನೆಗೆ ಇನ್ನಷ್ಟು. ಮಂಜೂರಾದರೆ ಅರ್ಜಿಯ ದಿನದಿಂದ 20 ವರ್ಷ ಆ ಎಣ್ಣೆಯನ್ನು ಬೇರೆಯವರು ಮಾಡುವಂತಿಲ್ಲ, ಮಾರುವಂತಿಲ್ಲ.

ಚೆನ್ನೈನ ಪರೀಕ್ಷಕರು ತೆಗೆದು ನೋಡುವುದು 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 2(1)(ಜೆಎ). 2005ರ ತಿದ್ದುಪಡಿಯ ನಂತರ ಅದು ಹೇಳುವುದು ಇಷ್ಟು: ಈಗಾಗಲೇ ಇರುವ ತಿಳಿವಳಿಕೆಗಿಂತ ತಾಂತ್ರಿಕವಾಗಿ ಒಂದು ಹೆಜ್ಜೆ ಮುಂದಿರಬೇಕು, ಅಥವಾ ಆರ್ಥಿಕ ಮಹತ್ವ ಇರಬೇಕು, ಅಥವಾ ಎರಡೂ ಇರಬೇಕು; ಅದರ ಜೊತೆಗೆ ಆ ವಿದ್ಯೆ ಬಲ್ಲವನಿಗೆ ಅದು ಸುಲಭವಾಗಿ ಹೊಳೆಯುವಂಥದ್ದಾಗಿರಬಾರದು. ಲಾಭ ತರುತ್ತದೆ ಎಂಬ ಒಂದೇ ಕಾರಣಕ್ಕೆ ಬಾಗಿಲು ತೆರೆಯುವುದಿಲ್ಲ.

ಆ ‘ವಿದ್ಯೆ ಬಲ್ಲವನು’ ನಿಜವಾದ ಮನುಷ್ಯನಲ್ಲ. ಹಿಂದೂಪುರದ ಗ್ಯಾರೇಜಿನ ಮೇಸ್ತ್ರಿಯೂ ಅಲ್ಲ, ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಅಲ್ಲ. ತನ್ನ ಕ್ಷೇತ್ರದ ಹಳೆಯ ಕಾಗದಗಳನ್ನೆಲ್ಲ ಓದಿರುವ, ಕೈ ಪಳಗಿರುವ, ಆದರೆ ಸ್ವಂತ ಕಲ್ಪನೆ ಅಷ್ಟಕ್ಕಷ್ಟೇ ಇರುವ ಒಂದು ಕಾನೂನಿನ ಗೊಂಬೆ. ಬೇಕೆಂದರೂ ಅಂಥವನು ಯಾವ ಊರಲ್ಲೂ ಸಿಗುವುದಿಲ್ಲ. ಆದರೂ ಕೋಟಿಗಟ್ಟಲೆ ರೂಪಾಯಿಯ ತೀರ್ಪುಗಳು ಅವನಿಗೆ ಏನು ಹೊಳೆಯುತ್ತದೆ ಎಂಬುದರ ಮೇಲೇ ನಿಂತಿವೆ.

ಭಾರತದಲ್ಲಿ ಈ ಮಾತಿಗೆ ಅಡಿಪಾಯ ಹಾಕಿದ್ದು ಪಾತ್ರೆ ವ್ಯಾಪಾರ. ಮಿರ್ಜಾಪುರದ ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್, ಲೇತ್‌ನಲ್ಲಿ ಪಾತ್ರೆಗಳನ್ನು ಬಿಗಿಹಿಡಿದು ಕಡೆಯುವ ಸಾಧನಕ್ಕೆ 1950ರ ದಶಕದಲ್ಲಿ ಪೇಟೆಂಟ್ ಪಡೆದಿತ್ತು. ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಎಂಬ ಸಂಸ್ಥೆ ಅದನ್ನು ಪ್ರಶ್ನಿಸಿತು. 1978ರಲ್ಲಿ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿ ಸರ್ಕಾರಿಯಾ ಅವರು ಪೇಟೆಂಟನ್ನು ಎತ್ತಿಹಿಡಿಯಲಿಲ್ಲ. ಹಳೆಯ ಉಪಕರಣಕ್ಕೆ ವರ್ಕ್‌ಶಾಪಿನಲ್ಲಿ ದಿನಾ ನಡೆಯುವಂಥ ಸುಧಾರಣೆ ಮಾಡಿದರೆ ಸಾಲದು, ಅದಕ್ಕಿಂತ ಹೆಚ್ಚಿನದೇನೋ ಬೇಕು ಎಂಬುದು ಆ ತೀರ್ಪಿನ ತಿರುಳು. ಆ ‘ಹೆಚ್ಚಿನದೇನೋ’ ಎಷ್ಟು ಎಂಬುದನ್ನೇ ಅಂದಿನಿಂದ ಇಂದಿನವರೆಗೂ ವಕೀಲರು ಅಳೆಯುತ್ತಿದ್ದಾರೆ.

ನಮ್ಮ ಎಣ್ಣೆಗೆ ಮರಳೋಣ. ಗ್ರಾಫೈಟ್ ಎಂದರೆ ಇಂಗಾಲ, ಕೀಲೆಣ್ಣೆಯ ಕರಿಯೂ ಬಹುಪಾಲು ಇಂಗಾಲವೇ. ಎಣ್ಣೆಯಲ್ಲಿ ಗ್ರಾಫೈಟ್ ತೇಲಿಸುವುದಂತೂ ಹಳೆಯ ಕಥೆ. ಎಡಿಸನ್ ಬಳಿ ಕೆಲಸ ಕಲಿತ, ಕಾರ್ಬೊರಂಡಂ ಕಂಡುಹಿಡಿದ ಎಡ್ವರ್ಡ್ ಗುಡ್‌ರಿಚ್ ಅಚೆಸನ್ ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲೇ ಅದನ್ನು ಮಾಡಿ ತೋರಿಸಿ, ಆಯಿಲ್‌ಡ್ಯಾಗ್ ಎಂಬ ಹೆಸರಿನಲ್ಲಿ ಮಾರಿದ. ಪುಡಿ ತಳಕ್ಕೆ ಇಳಿಯದಂತೆ ತಡೆದದ್ದು ಟ್ಯಾನಿನ್, ಅಂದರೆ ಗಿಡಮರಗಳ ಒಗರು. ಆ ದಾರಿ ಅವನಿಗೆ ಸಿಕ್ಕ ಬಗೆ ಸ್ವಾರಸ್ಯವಾಗಿದೆ. ಪ್ರಾಚೀನ ಈಜಿಪ್ಟಿನಲ್ಲಿ ಇಟ್ಟಿಗೆಯ ಮಣ್ಣಿಗೆ ಹುಲ್ಲು ಸೇರಿಸುತ್ತಿದ್ದ ಬೈಬಲಿನ ಪ್ರಸಂಗ ಓದಿ, ಹುಲ್ಲು ನೆನೆಸಿದ ನೀರನ್ನು ಜೇಡಿಮಣ್ಣಿಗೆ ಹಾಕಿ ಪರೀಕ್ಷಿಸಿದ. ಆಮೇಲೆ ಅದೇ ಗುಣವನ್ನು ಗ್ರಾಫೈಟಿಗೆ ತಂದ. ಮಣ್ಣಿನ ವಿದ್ಯೆಯನ್ನು ಎಣ್ಣೆಗೆ ತರುವುದು ಯಾರಿಗೂ ಸಹಜವಾಗಿ ಹೊಳೆಯುವಂಥದ್ದಲ್ಲ. ಅಚೆಸನ್ನನಿಗೆ ಪೇಟೆಂಟ್ ಸಿಕ್ಕಿದ್ದರಲ್ಲಿ ನನಗೇನೂ ತಕರಾರಿಲ್ಲ.

ನಮ್ಮ ಹಿಂದೂಪುರದ ಉದ್ಯಮಿ ಗ್ರಾಫೈಟ್ ಒಂದನ್ನೇ ನಂಬಿದ್ದರೆ ಅರ್ಜಿ ಬಿದ್ದಂತೆಯೇ. ಹರಳೆಣ್ಣೆ ಒಳ್ಳೆಯ ಜಾರೆಣ್ಣೆ ಎಂಬುದೂ ಹೊಸದಲ್ಲ. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಇಂಜಿನ್‌ಗಳು ಓಡಿದ್ದೇ ಹರಳೆಣ್ಣೆಯ ಮೇಲೆ. ಕ್ಯಾಸ್ಟ್ರಾಲ್ ಎಂಬ ಬ್ರ್ಯಾಂಡಿನ ಹೆಸರಿನಲ್ಲೇ ಅದರ ಗುರುತು ಇದೆ. ಹರಳಿನ ಬೆಳೆಯಲ್ಲಿ ಇಂದಿಗೂ ಜಗತ್ತಿನಲ್ಲಿ ಭಾರತವೇ ಮುಂದು.

ಕುತೂಹಲ ಇರುವುದು ಉಳಿದ 35 ಪಾಲಿನಲ್ಲಿ. ಹರಳೆಣ್ಣೆ ಬೇರೆ ಎಣ್ಣೆಗಳಂತಲ್ಲ, ಖನಿಜ ತೈಲದ ಜೊತೆ ಸುಲಭವಾಗಿ ಬೆರೆಯುವುದಿಲ್ಲ. ಒಂದು ಬಾಟಲಿಯಲ್ಲಿ ಎರಡನ್ನೂ ಹಾಕಿ ಕುಲುಕಿ ಇಟ್ಟರೆ ಸ್ವಲ್ಪ ಹೊತ್ತಿಗೆ ಪದರ ಪದರವಾಗಿ ಬೇರೆಯಾಗುತ್ತವೆ. ಈ ಕಸುಬಿನವರೆಲ್ಲರಿಗೂ ಇದು ಗೊತ್ತು. ಆದ್ದರಿಂದ ಅವರು ಆ ದಾರಿ ಹಿಡಿಯುವುದಿಲ್ಲ, ಹಿಡಿದರೆ ಹರಳೆಣ್ಣೆಯನ್ನು ಮೊದಲೇ ಬಿಸಿಮಾಡಿ ಹದ ಮಾಡಿಕೊಳ್ಳುತ್ತಾರೆ. ಪೇಟೆಂಟ್ ಕಾನೂನಿನಲ್ಲಿ ಇದಕ್ಕೆ ದೊಡ್ಡ ಬೆಲೆ ಇದೆ. ಹಿಂದಿನ ಜ್ಞಾನವೆಲ್ಲ ‘ಬೇಡ’ ಎನ್ನುತ್ತಿದ್ದ ಕಡೆ ಒಬ್ಬ ಹೋಗಿ ಗೆದ್ದು ಬಂದರೆ, ಅದು ಎಲ್ಲರಿಗೂ ಹೊಳೆಯುತ್ತಿತ್ತು ಎಂದು ಹೇಳುವುದು ಕಷ್ಟ. ಉದ್ಯಮಿಯ ಎಣ್ಣೆ ಆರು ತಿಂಗಳು ಕಪಾಟಿನಲ್ಲಿ ಇಟ್ಟರೂ ಬೇರೆಯಾಗದೆ ನಿಂತಿದ್ದರೆ, ಅದು ಆ ನುಣ್ಣನೆ ಗ್ರಾಫೈಟಿನಿಂದಲೇ ಆದದ್ದು ಎಂದು ಪರೀಕ್ಷೆ ಮಾಡಿ ತೋರಿಸಿದರೆ, ಅರ್ಜಿಗೆ ಜೀವ ಬರುತ್ತದೆ. ತೋರಿಸದಿದ್ದರೆ ಸೆಕ್ಷನ್ 3(ಇ) ಕಾದಿದೆ: ವಸ್ತುಗಳನ್ನು ಸುಮ್ಮನೆ ಕಲಸಿ, ಅವುಗಳ ಗುಣಗಳನ್ನು ಒಟ್ಟುಗೂಡಿಸಿದ್ದು ಆವಿಷ್ಕಾರವೇ ಅಲ್ಲ. ಒಂದೂ ಒಂದೂ ಸೇರಿ ಎರಡಕ್ಕಿಂತ ಹೆಚ್ಚಾಗಬೇಕು, ಆದದ್ದಕ್ಕೆ ಲೆಕ್ಕ ಕೊಡಬೇಕು.

ಎಣ್ಣೆಯ ಇತಿಹಾಸದಲ್ಲಿ ಹೀಗೆ ಲೆಕ್ಕ ಮೀರಿದ ಉದಾಹರಣೆ ಎಂದರೆ ಜಿಂಕ್ ಡೈಥಯೋಫಾಸ್ಫೇಟ್. 1940ರ ದಶಕದಲ್ಲಿ ಇಂಜಿನ್ ಆಯಿಲಿಗೆ ಇದನ್ನು ಸೇರಿಸತೊಡಗಿದ್ದು ತಾಮ್ರ-ಸೀಸದ ಬೇರಿಂಗುಗಳನ್ನು ಆಮ್ಲ ತಿನ್ನದಿರಲಿ ಎಂದು. ಲೋಹದ ಸವೆತವನ್ನೇ ಅದು ಅದ್ಭುತವಾಗಿ ತಡೆಯುತ್ತದೆ ಎಂಬುದು ತಿಳಿದದ್ದು ಆಮೇಲೆ. ಇವತ್ತಿಗೂ ಬಹುಪಾಲು ಇಂಜಿನ್ ಆಯಿಲುಗಳಲ್ಲಿ ಅದು ಇದೆ.

ಅಂಕಿಗಳ ಬೇಲಿ

ಈ ವಿಷಯದಲ್ಲಿ ಇತ್ತೀಚೆಗೆ ನಡೆದ, ಓದಲು ಯೋಗ್ಯವಾದ ಜಗಳ ಅಮೆರಿಕದ್ದು. ಇನ್ಫಿನಿಯಂ ಎಂಬುದು ಎಕ್ಸಾನ್ ಮೊಬಿಲ್ ಮತ್ತು ಶೆಲ್ ಕಂಪನಿಗಳು ಕೂಡಿ ಕಟ್ಟಿದ ಸಂಸ್ಥೆ. 2004ರಲ್ಲಿ ಅದಕ್ಕೆ ಇಂಜಿನ್ ಆಯಿಲ್ ಒಂದಕ್ಕೆ ಪೇಟೆಂಟ್ ಸಿಕ್ಕಿತು. ಅದರಲ್ಲಿ ಕೇಳಿದ ಹಕ್ಕುಗಳ (ಕ್ಲೇಮ್) ಸಂಖ್ಯೆ 20. ಮೊದಲ ಹಕ್ಕನ್ನು ಓದಿದರೆ ಅಡುಗೆ ಪುಸ್ತಕ ಓದಿದಂತಾಗುತ್ತದೆ: ಸ್ನಿಗ್ಧತೆಯ ಸೂಚ್ಯಂಕ ಕನಿಷ್ಠ 95 ಇರುವ ಮೂಲ ತೈಲ, ಕ್ಯಾಲ್ಸಿಯಂ ಡಿಟರ್ಜೆಂಟ್, 10ರಿಂದ 350 ಪಿಪಿಎಂ ಮಾಲಿಬ್ಡಿನಂ, ಸಾರಜನಕ ಇಲ್ಲದ ಒಂದು ಘರ್ಷಣೆ ತಗ್ಗಿಸುವ ವಸ್ತು, ಮೇಲೆ ಹೇಳಿದ ಡೈಥಯೋಫಾಸ್ಫೇಟ್ ಜಾತಿಯದೊಂದು, ಅದರಿಂದ ಬರುವ ರಂಜಕ ಸುಮಾರು ಶೇ 0.1 ಮೀರದಂತೆ. ಬಿಸಿಗೆ ಆವಿಯಾಗಿ ಹೋಗುವ ಪ್ರಮಾಣವನ್ನು ಅಳೆಯುವ ನೋಆಕ್ ಪರೀಕ್ಷೆಯಲ್ಲಿ ನಷ್ಟ ಸುಮಾರು ಶೇ 15ರ ಒಳಗಿರಬೇಕು. ಚಳಿಯಲ್ಲಿ ವಾಲ್ವ್ ಸವೆಯಬಾರದು, ರಬ್ಬರ್ ಸೀಲ್ ಹಾಳಾಗಬಾರದು, ಇಂಧನವೂ ಉಳಿಯಬೇಕು, ಮೂರೂ ಒಟ್ಟಿಗೆ ಎಂಬುದು ಅದರ ಹೆಗ್ಗಳಿಕೆ.

ಪ್ರತಿಸ್ಪರ್ಧಿ ಷೆವ್ರಾನ್ ಓರೊನೈಟ್ 2018ರಲ್ಲಿ ಪೇಟೆಂಟ್ ಮಂಡಳಿಯ ಮೆಟ್ಟಿಲು ಹತ್ತಿತು. ಅದು ಮುಂದಿಟ್ಟ ಮುಖ್ಯ ಹಳೆಯ ದಾಖಲೆಗಳು ಎರಡು. ತೊಶಿಕಾಜು ಎಂಬುದರಲ್ಲಿ ಸೇರಿಕೆಗಳ ಬಹುಪಾಲು ಇತ್ತು, ಬ್ಲಾಕ್ ಎಂಬುದರಲ್ಲಿ ಅಂಥ ಒಳ್ಳೆಯ ಮೂಲ ತೈಲ ಇತ್ತು. ಮೊದಲನೆಯದರ ಸೇರಿಕೆಗಳನ್ನು ಎರಡನೆಯದರ ತೈಲಕ್ಕೆ ಹಾಕುವುದು ಕಸುಬಿನವನಿಗೆ ಹೊಳೆಯದೇ ಇರುತ್ತದೆಯೇ? ಮಂಡಳಿ 2019ರಲ್ಲಿ ಇಪ್ಪತ್ತೂ ಹಕ್ಕುಗಳನ್ನು ತಳ್ಳಿಹಾಕಿತು. 2021ರ ಜನವರಿಯಲ್ಲಿ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯವೂ ಹೌದೆಂದಿತು.

ನಾನು ಗಮನಿಸಿದ ಒಂದು ಸಂಗತಿ. 2001ರಲ್ಲಿ ಬಂದ ಜಿಎಫ್-3 ಎಂಬ ಕಾರ್ ಉದ್ಯಮದ ಮಾನದಂಡದಲ್ಲಿ ನೋಆಕ್ ನಷ್ಟದ ಮಿತಿ ಶೇ 15, ರಂಜಕದ ಮಿತಿ ಶೇ 0.1. ಪೇಟೆಂಟಿನ ಬೇಲಿ ನಿಂತದ್ದೂ ಹೆಚ್ಚುಕಡಿಮೆ ಅದೇ ಗೆರೆಯ ಮೇಲೆ. ಇಡೀ ಉದ್ಯಮ ಹೋಗಲೇಬೇಕಾದ ದಾರಿಗೆ ಒಬ್ಬರು ಸುಂಕದ ಕಟ್ಟೆ ಹಾಕಲು ಹೊರಟರೆ ಅನುಮಾನದಿಂದ ನೋಡುವುದು ತಪ್ಪಲ್ಲ. ಶೇಕಡಾವಾರು ಅಂಕಿಗಳ ಪೇಟೆಂಟುಗಳಲ್ಲಿ ನಾನು ಮೊದಲು ಹುಡುಕುವುದು ಅದನ್ನೇ: ಈ ಅಂಕಿ ಪ್ರಯೋಗಾಲಯದಲ್ಲಿ ಹುಟ್ಟಿದ್ದೋ, ನಿಯಮ ಪುಸ್ತಕದಿಂದ ಇಳಿದದ್ದೋ?

ಆದರೆ ಆದ ಮೇಲೆ ಎಲ್ಲರೂ ಜಾಣರೇ. ಉತ್ತರ ಕೈಯಲ್ಲಿ ಹಿಡಿದು ಹಿಂದಕ್ಕೆ ನಡೆದರೆ ಎಲ್ಲ ದಾರಿಯೂ ನೇರ ಕಾಣುತ್ತದೆ. ಅಮೆರಿಕದ ಸುಪ್ರೀಂ ಕೋರ್ಟ್ ಈ ‘ಹೊಳೆಯುವ’ ಪ್ರಶ್ನೆಯನ್ನು ಕುರಿತು ಗಟ್ಟಿಯಾಗಿ ಮಾತಾಡಿದ್ದು 1966ರಲ್ಲಿ, ನೇಗಿಲಿನ ಪ್ರಕರಣದಲ್ಲಿ. ಕಲ್ಲು ನೆಲದಲ್ಲಿ ಟ್ರಾಕ್ಟರಿನ ನೇಗಿಲು ಬಂಡೆಗೆ ಬಡಿದು ಮುರಿಯದಂತೆ ಗ್ರಹಾಂ ಎಂಬವನು ಒಂದು ಸ್ಪ್ರಿಂಗ್ ಹಿಡಿಕೆ ಮಾಡಿದ್ದ. ತನ್ನದೇ ಹಳೆಯ ಸಾಧನದಲ್ಲಿ ಮೇಲಿದ್ದ ತೋಳನ್ನು ಕೆಳಗಿಟ್ಟದ್ದು ಹೊಸ ಪೇಟೆಂಟಿನ ಮುಖ್ಯ ಬದಲಾವಣೆ. ಕಲ್ಯಾಣದುರ್ಗದ ಕೆಂಪು ನೆಲ ಉತ್ತವರಿಗೆ ಆ ಕಷ್ಟ ವಿವರಿಸಬೇಕಿಲ್ಲ. ಜಾನ್ ಡೀರ್ ಕಂಪನಿಯ ವಿರುದ್ಧದ ಆ ಮೊಕದ್ದಮೆಯಲ್ಲಿ ಗ್ರಹಾಂ ಸೋತ. ಹಿಂದೆ ಏನಿತ್ತು, ಈಗಿನದಕ್ಕೂ ಅದಕ್ಕೂ ವ್ಯತ್ಯಾಸ ಏನು, ಕಸುಬಿನವರ ಮಟ್ಟ ಎಂಥದ್ದು ಎಂದು ಮೊದಲು ನೋಡಿ, ಆಮೇಲೆ ತೀರ್ಮಾನಕ್ಕೆ ಬನ್ನಿ ಎಂಬ ಕ್ರಮ ಮಾತ್ರ ಉಳಿಯಿತು. ನಮ್ಮಲ್ಲಿ ರೋಶ್ ಮತ್ತು ಸಿಪ್ಲಾ ನಡುವಿನ ಔಷಧಿ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ 2015ರಲ್ಲಿ ಹೆಚ್ಚುಕಡಿಮೆ ಇದೇ ಜಾಡು ಹಿಡಿಯಿತು. 2022ರಲ್ಲಿ ಅಗ್ರಿಬೋರ್ಡ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಹಳೆಯ ದಾಖಲೆಗಳ ಹೆಸರು ಬರೆದು ‘ಇದು ಹೊಳೆಯುವಂಥದ್ದು’ ಎಂದು ಒಂದು ಸಾಲಿನಲ್ಲಿ ಮುಗಿಸುವಂತಿಲ್ಲ, ಹೇಗೆ ಹೊಳೆಯುತ್ತದೆ ಎಂದು ಬಿಡಿಸಿ ಹೇಳಬೇಕು ಎಂದು ಪೇಟೆಂಟ್ ಕಚೇರಿಗೆ ತಾಕೀತು ಮಾಡಿತು.

ಬರೆದಿಡದ ವಿದ್ಯೆ

ತೊಶಿಕಾಜು, ಬ್ಲಾಕ್ ಇಬ್ಬರೂ ಬರೆದಿಟ್ಟಿದ್ದರು. ಕೀಲೆಣ್ಣೆ ಕಲಸಿದವರು ಬರೆಯಲಿಲ್ಲ. ಗಡಿನಾಡಿನವರಿಗೆ ಪೇಟೆಂಟಿನ ಈ ಜಗಳಗಳಲ್ಲಿ ನಿಜವಾದ ಆಸಕ್ತಿ ಇರಬೇಕಾದದ್ದು ಇಲ್ಲೇ.

ಮಡಕಶಿರಾದಿಂದ ಗಡಿ ದಾಟಿ ಶಿರಾ ಮೇಲೆ ಹೋದರೆ ತುಮಕೂರು. 1990ರ ದಶಕದ ಮೊದಲಲ್ಲಿ ಅಲ್ಲಿ ಪಿ.ಜೆ. ಮಾರ್ಗೊ ಎಂಬ ಕಂಪನಿ ಅಮೆರಿಕದ ಡಬ್ಲ್ಯು.ಆರ್. ಗ್ರೇಸ್ ಜೊತೆ ಸೇರಿ ಬೇವಿನ ಬೀಜ ಸಂಸ್ಕರಿಸುವ ಘಟಕ ತೆರೆಯಿತು. ಜಾಗತಿಕ ವ್ಯಾಪಾರ ಒಪ್ಪಂದದ ಡಂಕೆಲ್ ಪ್ರಸ್ತಾವದ ವಿರುದ್ಧ ಬೀದಿಗಿಳಿದಿದ್ದ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘಕ್ಕೆ ಬೇವು ಆಗ ಒಂದು ಲಾಂಛನವೇ ಆಯಿತು. ತುಮಕೂರಿನದು ಕೀಟನಾಶಕದ ಕೆಲಸ. ಯುರೋಪಿನ ಪೇಟೆಂಟ್ ಬೇರೆ: ಬೇವಿನ ಎಣ್ಣೆಯಿಂದ ಬೆಳೆಯ ಬೂಷ್ಟು ರೋಗ ತಡೆಯುವ ವಿಧಾನಕ್ಕೆ ಗ್ರೇಸ್ ಕಂಪನಿ ಮತ್ತು ಅಮೆರಿಕದ ಕೃಷಿ ಇಲಾಖೆಗೆ 1994ರಲ್ಲಿ ಸಿಕ್ಕಿತ್ತು. ವಂದನಾ ಶಿವ, ಯುರೋಪಿನ ಸಂಸತ್ ಸದಸ್ಯೆ ಮಾಗ್ದಾ ಆಲ್ವೊಟ್ ಮತ್ತು ಸಾವಯವ ಕೃಷಿಯ ಅಂತರರಾಷ್ಟ್ರೀಯ ಒಕ್ಕೂಟ 1995ರಲ್ಲಿ ಆಕ್ಷೇಪ ಹೂಡಿದರು.

ಯುರೋಪಿನ ಪೇಟೆಂಟ್ ಕಚೇರಿಯಿರುವ ಮ್ಯೂನಿಕ್‌ನಲ್ಲಿ ತಕ್ಕಡಿ ವಾಲಿಸಿದ್ದು ಭಾಷಣವಲ್ಲ, ಒಬ್ಬ ಉದ್ಯಮಿಯ ಸಾಕ್ಷ್ಯ. ಅಭಯ ಫಡ್ಕೆ ಎಂಬವರು 1980ರ ದಶಕದ ನಡುವಿನಲ್ಲೇ ಮಹಾರಾಷ್ಟ್ರದ ಹೊಲಗಳಲ್ಲಿ ಅಂಥದ್ದೇ ಬೇವಿನ ಎಣ್ಣೆಯನ್ನು ರೈತರ ಮುಂದೆ ಪ್ರಯೋಗಿಸಿದ್ದೆ ಎಂದು ಹೇಳಿದರು. ಹೇಗೆ ತೆಗೆದದ್ದು, ಯಾವ ಬೆಳೆಗೆ, ಎಲ್ಲಿ, ಎಂದು ಎಂಬುದೆಲ್ಲ ಅವರ ಬಳಿ ಇತ್ತು. 2000ದ ಮೇ ತಿಂಗಳಲ್ಲಿ ಪೇಟೆಂಟ್ ರದ್ದಾಯಿತು. 2005ರ ಮಾರ್ಚ್ 8ರಂದು ಮೇಲ್ಮನವಿಯೂ ಬಿತ್ತು. ‘ನಮ್ಮಜ್ಜಿಗೆ ಗೊತ್ತಿತ್ತು’ ಎಂಬ ಮಾತು ಎಷ್ಟೇ ನಿಜವಾದರೂ ಆ ಕೋಣೆಯಲ್ಲಿ ಅದು ಒಂದೇ ಸಾಕಾಗುತ್ತಿರಲಿಲ್ಲ.

ಇದೇ ಜಗಳ ಅಮೆರಿಕದಲ್ಲಿ ನಡೆದಿದ್ದರೆ ಫಡ್ಕೆಯವರ ಸಾಕ್ಷ್ಯಕ್ಕೂ ಬೆಲೆ ಇರುತ್ತಿರಲಿಲ್ಲ. 2013ರ ಮಾರ್ಚ್ 16ರ ಮುಂಚಿನ ಅಲ್ಲಿನ ಕಾನೂನಿನಲ್ಲಿ, ಹೊರದೇಶದಲ್ಲಿ ನಡೆದ ಬಳಕೆ ಅಚ್ಚಾಗಿರದಿದ್ದರೆ ಲೆಕ್ಕಕ್ಕೇ ಇಲ್ಲ. ಗಾಯಕ್ಕೆ ಅರಿಶಿನ ಹಚ್ಚುವ ವಿದ್ಯೆಗೆ ಅಲ್ಲಿ 1995ರಲ್ಲಿ ಸಿಕ್ಕ ಪೇಟೆಂಟನ್ನು 1997ರಲ್ಲಿ ಬೀಳಿಸಲು ಸಿಎಸ್ಐಆರ್ ಸಂಸ್ಕೃತ, ಉರ್ದು, ಹಿಂದಿಯ ಹಳೆಯ ಬರಹಗಳನ್ನು ಅಗೆದು ತೆಗೆಯಬೇಕಾಗಿ ಬಂದದ್ದು ಅದಕ್ಕೇ. ಆ ಅನುಭವದಿಂದ ಹುಟ್ಟಿದ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಆಯುರ್ವೇದ, ಯುನಾನಿ, ಸಿದ್ಧ, ಯೋಗದ ಗ್ರಂಥಗಳ ಮೇಲೆ ನಿಂತಿದೆ. ಗಾಡಿಯ ಅಚ್ಚಿನ ಎಣ್ಣೆಗೆ ಗ್ರಂಥವೇ ಇಲ್ಲ.

ನಮ್ಮ ಕಾಯ್ದೆ ಈ ವಿಷಯದಲ್ಲಿ ಉದಾರ. ಪೇಟೆಂಟ್ ಮಂಜೂರಾಗುವ ಮುಂಚೆ ಯಾರು ಬೇಕಾದರೂ ಸೆಕ್ಷನ್ 25(1)ರ ಅಡಿ ಆಕ್ಷೇಪ ಹಾಕಬಹುದು. ಹಳೆಯ ಅಚ್ಚಿನ ಜೊತೆಗೆ, ಅರ್ಜಿಯ ದಿನಕ್ಕಿಂತ ಮುಂಚೆ ಭಾರತದಲ್ಲಿ ಬಳಕೆಯಲ್ಲಿದ್ದದ್ದನ್ನು ಹಿಡಿದೂ ‘ಇದು ಹೊಳೆಯುವಂಥದ್ದೇ’ ಎಂದು ವಾದಿಸಬಹುದು. ಇನ್ನೊಂದು ಖಂಡ, ಅದೇ ಸೆಕ್ಷನ್ನಿನ (ಕೆ), ಸ್ಥಳೀಯ ಸಮುದಾಯದ ಬಾಯಿಮಾತಿನ ಜ್ಞಾನವನ್ನೂ ಒಪ್ಪುತ್ತದೆ. ಆದರೆ ಅದು ‘ಇದು ಹೊಸದೇ ಅಲ್ಲ’ ಎನ್ನಲು. ವ್ಯತ್ಯಾಸ ಸಣ್ಣದಲ್ಲ. ಕೀಲೆಣ್ಣೆ ಮತ್ತು ನಮ್ಮ ಉದ್ಯಮಿಯ ಎಣ್ಣೆ ಒಂದೇ ಅಲ್ಲ, ಅದರಲ್ಲಿ ಖನಿಜ ತೈಲ ಇದೆ. ಹಾಗಾಗಿ ಬಾಯಿಮಾತಿನ ದಾರಿ ಅರ್ಧಕ್ಕೇ ನಿಲ್ಲುತ್ತದೆ. ‘ಹರಳೆಣ್ಣೆಗೆ ಇಂಗಾಲ ಸೇರಿಸುವುದು ಇಲ್ಲಿ ಬಳಕೆಯಲ್ಲಿತ್ತು, ಉಳಿದದ್ದು ವರ್ಕ್‌ಶಾಪ್ ಸುಧಾರಣೆ’ ಎಂದು ಬಳಕೆಯ ದಾರಿ ಹಿಡಿಯಬೇಕು. ಹಿಡಿದರೂ, ಎರಡು ಎಣ್ಣೆ ಬೇರೆಯಾಗದಂತೆ ನಿಲ್ಲಿಸಿದ ಆ ಒಂದು ಅಂಶದಲ್ಲಿ ನನ್ನ ಓಟು ಉದ್ಯಮಿಗೇ. ಆ ಭಾಗ ಗಾಡಿಯವರದ್ದಲ್ಲ. ಹರಳೆಣ್ಣೆಗೆ ಕರಿ ಕಲಸುವುದನ್ನೂ ಸೇರಿಸಿ ಬೇಲಿ ಹಾಕಲು ಹೊರಟರೆ ಮಾತ್ರ ಅದನ್ನು ಕೀಳಬೇಕು. ಹಕ್ಕನ್ನು ಎಷ್ಟು ಅಗಲಕ್ಕೆ ಬರೆದಿದ್ದಾರೆ ಎಂಬುದರಲ್ಲೇ ಇಂಥ ಜಗಳಗಳ ಮುಕ್ಕಾಲು ಪಾಲು ಇರುವುದು.

ಬಳಕೆಯನ್ನು ಸಾಬೀತು ಮಾಡಲು ಏನು ಬೇಕು? 2002ರ ಜೀವವೈವಿಧ್ಯ ಕಾಯ್ದೆಯಡಿ ಸ್ಥಳೀಯ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಹರಳು, ಹೊಂಗೆ, ಬೇವು ಇವುಗಳನ್ನು ಊರಿನವರು ಯಾವುದಕ್ಕೆ ಬಳಸುತ್ತಾರೆ ಎಂಬುದು ಅದರಲ್ಲಿ ಸೇರಬೇಕಾದ ವಿಷಯ. ಔಷಧದ ಗುಣಗಳನ್ನು ಉತ್ಸಾಹದಿಂದ ಬರೆಯುವ ಕೈ ಗಾಡಿಯ ಎಣ್ಣೆಗೆ ಬಂದರೆ ನಿಂತುಬಿಟ್ಟೀತು. ಅದಾಗಬಾರದು. ಇನ್ನೊಂದು ದಾರಿ ಅಫಿಡವಿಟ್: ಯಾವ ಊರು, ಯಾವ ವರ್ಷ, ಎಷ್ಟು ಹರಳೆಣ್ಣೆಗೆ ಎಷ್ಟು ಕರಿ, ಹುಲ್ಲು ಭತ್ತದ್ದೋ ರಾಗಿಯದೋ, ಎಣ್ಣೆ ಕಾಯಿಸುತ್ತಿದ್ದರೋ ಇಲ್ಲವೋ, ಜೊತೆಯಲ್ಲಿದ್ದು ನೋಡಿದವರು ಯಾರು. ಟ್ರಾಕ್ಟರ್ ಬಂದ ಮೇಲೆ ಗಾಡಿಗಳಿಗೂ ಡಬ್ಬಿಯ ಗ್ರೀಸೋ ಇಂಜಿನ್ನಿನಿಂದ ಇಳಿಸಿದ ಹಳೆಯ ಆಯಿಲೋ ಸಿಕ್ಕಿತು. ಕೈಯಾರೆ ಕಲಸಿದವರು ಈಗ ಮುಪ್ಪಿನ ವಯಸ್ಸಿನಲ್ಲಿದ್ದಾರೆ.

2024ರ ಮಾರ್ಚ್‌ನ ಪೇಟೆಂಟ್ ನಿಯಮಗಳ ತಿದ್ದುಪಡಿಯ ನಂತರ ಮಂಜೂರಿಗೆ ಮುಂಚಿನ ಇಂಥ ಆಕ್ಷೇಪಕ್ಕೂ ಶುಲ್ಕ ಕಟ್ಟಬೇಕು, ಅದು ವಿಚಾರಣೆಗೆ ತಕ್ಕದ್ದೇ ಎಂದು ಕಚೇರಿ ಮೊದಲು ತೂಗಿ ನೋಡುತ್ತದೆ. ಚೆನ್ನೈಗೆ ಹೋಗುವ ಕಾಗದಪತ್ರ ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕು ಎಂಬುದು ನಿಯಮ. ಗಡಿನಾಡಿನ ಕುಂದುರ್ಪಿಯ ಅಜ್ಜನೊಬ್ಬ ಕನ್ನಡದಲ್ಲಿ ಹೇಳಿ ಬರೆಸಿದ ಅಫಿಡವಿಟ್ಟಿಗೆ ದೃಢೀಕರಿಸಿದ ಅನುವಾದವನ್ನೂ ಲಗತ್ತಿಸಬೇಕು.